ಕೆಮ್ಮುವ ಬೊಂಬೆ

"ಇದೂ ಅಲ್ಲ!"

ಶ್ರೀಮತಿ ಕಾನ್ರಾಯ್ ಬೊಂಬೆಯನ್ನು ಕೌಂಟರಿನ ಮೇಲೆ ಕುಕ್ಕಿದಳು. ತಗಡಿನ ಎದೆ ಠಣ್ಣೆಂದಿತು. ಅಮೆರಿಕದ ನ್ಯೂಅರ್ಕ್ ಊರಿನ ಆ ಆಟಿಕೆ ಅಂಗಡಿಯ ಗುಮಾಸ್ತ ಟೋಬಿಯಾಸ್ ರೀಡ್ ತುಟಿ ಕಚ್ಚಿಕೊಂಡು ಮುಂದಿನ ಪೆಟ್ಟಿಗೆ ಬಿಚ್ಚಿದ.

1890ರ ಬೇಸಿಗೆ. ಮಾತನಾಡುವ ಬೊಂಬೆಗಳು ಅಂಗಡಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಆಗಲೇ ಜನ ಉಗಿಯತೊಡಗಿದ್ದರು. ಬೆನ್ನಿನ ಹಿಡಿ ತಿರುಗಿಸಿದರೆ ಒಳಗೆ ದನಿ ಕೊರೆದಿಟ್ಟ ಮೇಣದ ಉರುಳೆ ಕೀರಲು ದನಿಯಲ್ಲಿ ಪದ್ಯ ಹೇಳುತ್ತಿತ್ತು. ಮಕ್ಕಳು ಹೆದರಿ ಮಂಚದಡಿ ಸೇರುತ್ತಿದ್ದವು. ಉಳಿದದ್ದನ್ನೆಲ್ಲ ಕಾರ್ಖಾನೆ ವಾಪಸ್ ಕೇಳಿತ್ತು. ನಾಳೆ ಗಾಡಿ ಬರುತ್ತದೆ, ಎಲ್ಲವೂ ಗುಜರಿಗೆ. ಸುದ್ದಿ ಕಿವಿಗೆ ಬಿದ್ದದ್ದೇ ಈ ಹೆಂಗಸು ನುಗ್ಗಿ ಬಂದಿದ್ದಳು. ಕೊಳ್ಳುವುದು ಒಂದೇ, ಆದರೆ ಎಲ್ಲದರ ದನಿಯನ್ನೂ ಕೇಳಿಸಬೇಕಂತೆ.

ಊರವರ ಬಟ್ಟೆ ಒಗೆದು ಕೆಂಪಾದ ಕೈಗಳು. ಪಕ್ಕದಲ್ಲಿ ಹತ್ತರ ಆಸುಪಾಸಿನ ಮಗಳು. ಆ ಸೆಕೆಯಲ್ಲೂ ಕತ್ತಿಗೆ ಉಣ್ಣೆಯ ಪಟ್ಟಿ. ಟೋಬಿಯಾಸ್ ಅವಳಿಗೆ ಸ್ಟೂಲ್ ಎಳೆದು ಕೊಟ್ಟ, ಜಾಡಿಯಿಂದ ಪುದೀನ ಮಿಠಾಯಿ ತೆಗೆದು ಕೊಟ್ಟ. ಹುಡುಗಿ ಮುಖವರಳಿಸಿ ನಕ್ಕಳು, ಒಂದು ಮಾತಿಲ್ಲ. ಮುದ್ದು ಜಾಸ್ತಿಯಾಗಿದೆ ಎಂದುಕೊಂಡ.

ಹೊಸ ಬೊಂಬೆ ಕಿರುಚಿತು: "ಪುಟ್ಟ ಕುರಿಮರಿ, ಗುಡ್ಡ ಹತ್ತು..."

"ಅಲ್ಲ."

"ಚೆನ್ನಾಗೇ ಹೇಳ್ತಲ್ಲಮ್ಮಾ! ನಿಮಗೇನು ಒಪೆರಾ ಹಾಡೋಳ ಕಂಠ ಬೇಕಿತ್ತಾ?"

"ನಿನ್ನ ಕುಚೋದ್ಯ ಯಾರಿಗೆ ಬೇಕಯ್ಯಾ? ಇನ್ನೊಂದು ತೆಗಿ."

"ಕಾರ್ಖಾನೇಲಿ ಹುಡುಗೀರು ಕೊಳವೆಗೆ ಬಾಯಿಟ್ಟು ಹಾಡಿ ಒಂದೊಂದಕ್ಕೂ ದನಿ ತುಂಬ್ತಾರೆ. ಒಂದರ ಹಾಗೆ ಇನ್ನೊಂದಿರಲ್ಲ, ನಿಜ. ಆದ್ರೂ..."

"ಹಾಡಲ್ಲ, ಅರಚ್ತಾರೆ! ಬೆಳಿಗ್ಗೆಯಿಂದ ಸಂಜೆವರೆಗೆ. ಮೆತ್ತಗೆ ಹೇಳಿದ್ರೆ ಮೇಣಕ್ಕೆ ನಾಟಲ್ವಂತೆ. ತಮ್ಮ ಕೆಲಸ ಆದ ಮೇಲೆ ಆ ಹುಡುಗೀರನ್ನ ಹೊರಗೆ ನೂಕ್ತಾರೆ."

ಆಕೆಯ ಕಣ್ಣು ಕೆಂಡವಾಗಿತ್ತು. ಟೋಬಿಯಾಸ್‌ಗೆ ತಲೆಬುಡ ತಿಳಿಯಲಿಲ್ಲ. ಕಾರ್ಖಾನೆಯ ಮೇಲೆ ಇಷ್ಟು ಹಗೆ ಇದ್ದವಳಿಗೆ ಅದರದ್ದೇ ಬೊಂಬೆ ಏಕೆ ಬೇಕು?

ಪೆಟ್ಟಿಗೆಗಳು ಮುಗಿದವು.

"ಇಷ್ಟೇ ಕಣಮ್ಮಾ ಇರೋದು."

"ಸುಳ್ಳು ಬೊಗಳಬೇಡ. ಆ ಮೇಜಿನ ಕೆಳಗೇನದು?"

"ಅದು ಕೆಟ್ಟ ಮಾಲು. ಇಬ್ಬರು ಒಯ್ದರು, ಇಬ್ಬರೂ ತಂದು ನನ್ನ ಮುಖಕ್ಕೆ ಎಸೆದು ಹೋದ್ರು. ಪದ್ಯದ ಮಧ್ಯೆ ಕೆಮ್ಮುತ್ತೆ."

ಹೆಂಗಸಿನ ಕೈ ಮಗಳ ಭುಜ ಹುಡುಕಿತು.

"ತಿರುಗಿಸು." ಅವಳ ದನಿ ಮೊದಲ ಬಾರಿಗೆ ಇಳಿದಿತ್ತು. "ಒಂದೇ ಸಲ. ಮೇಣ ಸವೆಯುತ್ತೆ."

ಟೋಬಿಯಾಸ್ ಆ ಬೊಂಬೆಯನ್ನು ತಂದು, ಅಂಗಿಯ ಧೂಳು ಕೊಡವಿ, ಹಿಡಿಯನ್ನು ಮೆಲ್ಲಗೆ ತಿರುಗಿಸಿದ.

"ಪುಟ್ಟ ಕುರಿಮರಿ, ಗುಡ್ಡ ಹತ್ತು; ಹೊತ್ತು ಮುಳುಗಿತು..." ಖೊಕ್, ಖೊಕ್. "...ಅಮ್ಮನ ಹತ್ರ ಓಡಿ ಬಾ."

ಸ್ಟೂಲಿನ ಮೇಲೆ ಕೂತ ಹುಡುಗಿಯ ತುಟಿಗಳು ಬೊಂಬೆಯ ಜೊತೆಗೇ ಪದಕ್ಕೆ ಪದ ಅಲುಗಿದವು, ಕೆಮ್ಮು ಬರುವ ಮೊದಲೇ ನಿಂತವು, ಅದು ಮುಗಿದೊಡನೆ ಮತ್ತೆ ಅಲುಗಿದವು. ಆ ಬಾಯಿಂದ ಮಾತ್ರ ದನಿಯೇ ಹೊರಡಲಿಲ್ಲ.