ಕೊನೆಯ ಸಾಲಿನ ಕೊಡೆ

ಕೊನೆಯ ಸಾಲಿನಿಂದ ಕಪ್ಪು ಕೊಡೆ ಮತ್ತೆ ಮೇಲೆದ್ದಿತು. ರಂಗದ ಮೇಲಿದ್ದ ನಾಯಕಿ ಅದನ್ನು ನೋಡಿದಳು. ಉಸಿರು ಎಳೆದುಕೊಂಡು, ಮೆಲುದನಿಯಲ್ಲಿ ಆಡಬೇಕಾದ ಮಾತನ್ನು ಆಚೆ ದಡದವರನ್ನು ಕರೆಯುವ ಹಾಗೆ ಕೂಗಿದಳು: "ಬಂದ್ರಾ? ಒಳಗೆ ಬನ್ನಿ. ಬಾಗಿಲು ಹಾಕೇ ಇರ್ಲಿಲ್ಲ." ಎಷ್ಟೋ ವರ್ಷಗಳ ಮೇಲೆ ಮನೆಗೆ ಮರಳಿದ ಗಂಡನ ಪಾತ್ರದವನು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ. ಹೊಸ ನಾಟಕದ ಪ್ರಾಣವೆಲ್ಲ ಆ ಒಂದು ಮಾತಿನಲ್ಲಿತ್ತು. ಸಂಜೆಗೇ ಮೊದಲ ಪ್ರದರ್ಶನ.

ಕೊಡೆ ಎತ್ತಿದವರು ನಾಟಕ ಕಂಪನಿಯ ಯಜಮಾನರು, ನಾಯಕಿಗೆ ಸ್ವಂತ ದೊಡ್ಡಪ್ಪ. ಅವಳ ಬಾಯಿಂದ ಕೇಳಿ ಕೇಳಿ ಇಡೀ ಕಂಪನಿಗೇ ದೊಡ್ಡಪ್ಪನಾಗಿಬಿಟ್ಟಿದ್ದರು. ಗೋಣಿಪರದೆ ಕಟ್ಟಿ ಶುರುಮಾಡಿದ್ದನ್ನು ಸ್ವಂತ ರಂಗಮಂದಿರದ ತನಕ ತಂದವರು; ನಾಟಕ ತಂದುಕೊಟ್ಟಿದ್ದನ್ನು ಮನೆಗೆ ಒಯ್ಯದೆ ಕಿವಿ ಕೇಳದ ಮಕ್ಕಳಿಗೊಂದು ಶಾಲೆ ಕಟ್ಟಿಸಿದವರು. ತಾಲೀಮಿರಲಿ, ಪ್ರದರ್ಶನವಿರಲಿ, ಕೊನೆಯ ಸಾಲಿನ ಮೂಲೆ ಕುರ್ಚಿಯೇ ಅವರದು. ಮಾತು ಕೇಳಿಸದಿದ್ದರೆ ಕೊಡೆ ಎತ್ತುವರು. ದೇವರು ನಾಟಕ ನೋಡಲು ಬಂದರೆ ಎಲ್ಲಕ್ಕಿಂತ ಅಗ್ಗದ ಟಿಕೆಟ್ಟನ್ನೇ ಕೊಳ್ಳುತ್ತಾನೆ, ಅವನಿಗೆ ಒಂದು ಮಾತೂ ತಪ್ಪಬಾರದು ಎನ್ನುವುದು ಅವರ ನಂಬಿಕೆ.

ಹಿಂದೆಲ್ಲ ಕೊಡೆ ನಾಟಕಕ್ಕೊಂದು ಸಲ ಎದ್ದರೆ ಹೆಚ್ಚು. ಈ ನಾಟಕದಲ್ಲಿ ಅದು ಕೆಳಗಿಳಿಯುವುದೇ ಅಪರೂಪವಾಗಿತ್ತು. ಯಾಕೆಂದು ಎಲ್ಲರಿಗೂ ಗೊತ್ತು, ಅವರೊಬ್ಬರನ್ನು ಬಿಟ್ಟು. ಅನ್ನ ಕೊಟ್ಟವರ ಮುಂದೆ ನಿಂತು ನಿಮ್ಮ ಕಿವಿ ಮಂದವಾಗಿದೆ ಎನ್ನುವ ಎದೆ ಯಾರಿಗೂ ಇರಲಿಲ್ಲ. ನೀನು ಮನೆಯವಳು, ನೀನೇ ಹೇಳು ಎಂದು ನಿರ್ದೇಶಕ. ನೀವು ದೊಡ್ಡವರು, ನೀವೇ ಹೇಳಿ ಎಂದು ಅವಳು. ಬೆಳಿಗ್ಗೆ ಬಣ್ಣದ ಕೋಣೆಯಲ್ಲಿ ಮಾತ್ರ ತಡೆಯಲಾರದೆ, "ಸಂಜೆ ಜನರ ಮುಂದೆ ಹೀಗೇ ಅರಚಿದ್ರೆ, ಇಂಥ ಗಂಟಲಿನ ಹೆಂಡ್ತಿ ಇದ್ದಿದ್ದಕ್ಕೇ ಪಾಪ ಆ ಗಂಡ ಓಡಿಹೋಗಿದ್ದು ಅಂತಾರೆ" ಅಂದಿದ್ದಳು. ಸುತ್ತಲಿದ್ದವರು ನಕ್ಕರು. ಅವಳ ಕಣ್ಣು ಮಾತ್ರ ತುಂಬಿತ್ತು.

ಮೊದಲ ಪ್ರದರ್ಶನದ ದಿನದ ತಾಲೀಮಿಗೆ ಶಾಲೆಯ ಮಕ್ಕಳು ಬರುವುದು ವಾಡಿಕೆ. ಮುಖಗಳು ಚೆನ್ನಾಗಿ ಕಾಣಲೆಂದು ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ನಾಯಕಿ ಆ ಮಾತು ಕೂಗಿದ್ದೇ ತಡ, ಸಾಲಿಗೆ ಸಾಲೇ ಕಿಸಕ್ಕೆಂದಿತು. ಯಜಮಾನರಿಗೆ ನಗು ಕೇಳಿಸಲಿಲ್ಲ. ಕುಲುಕುವ ಪುಟ್ಟ ಭುಜಗಳು ಕಂಡವು. ಅಳುವ ಜಾಗದಲ್ಲಿ ನಕ್ಕರೆ ನಾಟಕ ಮುಗಿದ ಹಾಗೆಯೇ. ಕೈಬೀಸಿ ಶಾಲೆಯ ಟೀಚರನ್ನು ಕರೆದರು. ಆಟ ನಡೆದೇ ಇತ್ತು; ಆಕೆ ಬಗ್ಗಿಕೊಂಡು ಹಿಂದೆ ಬಂದು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

ಮಕ್ಕಳಿಗೆ ಏನಾಗಿದೆ, ಅಷ್ಟು ನಗು ಯಾಕೆ ಎಂದು ಯಜಮಾನರು ಕೇಳಿದರು.

ಟೀಚರು ಸ್ವಲ್ಪ ಅನುಮಾನಿಸಿದರು. "ಒಬ್ಳು ಪುಟ್ಟಿ ಕೇಳ್ತಿದಾಳೆ ಯಜಮಾನರೆ, ಅಜ್ಜ ಕೊಡೆ ಎತ್ತಿದಾಗಲೆಲ್ಲ ಆ ಅಕ್ಕಂಗೆ ಹೊಟ್ಟೆನೋವು ಬರುತ್ತಾ ಅಂತ."

ಯಜಮಾನರಿಗೂ ನಗು ಬಂತು. "ನೋಡಿ, ಬೆಳಿಗ್ಗೆಯಿಂದ ನನಗೆ ಸ್ಪಷ್ಟವಾಗಿ ಕೇಳಿಸಿದ್ದು ನಿಮ್ಮದೊಂದೇ ಮಾತು. ನಮ್ಮ ಹುಡುಗಿಗೂ ಒಂಚೂರು ಹೇಳ್ಕೊಡಿ" ಅಂದರು.

ಟೀಚರ ಮುಖ ಸಣ್ಣದಾಯಿತು. ಅವರ ಮೊಣಕೈ ಮುಟ್ಟಿ, "ತಪ್ಪು ತಿಳ್ಕೋಬೇಡಿ. ನಾನು ದನಿನೇ ತೆಗೀಲಿಲ್ಲ. ಮಕ್ಕಳ ಜೊತೆ ಇದ್ದು ಇದ್ದು ಬರೀ ತುಟಿ ಆಡಿಸೋದೇ ಅಭ್ಯಾಸ ಆಗ್ಬಿಟ್ಟಿದೆ" ಅಂದರು. ಆ ಮಾತಿಗೂ ದನಿ ಇರಲಿಲ್ಲ. ಅದೂ ಅವರಿಗೆ ಅಕ್ಷರ ಬಿಡದೆ ತಿಳಿಯಿತು.

ಯಜಮಾನರು ಪ್ರಾರ್ಥನೆಗೆ ಕೂತವರ ಹಾಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ತಾವೇ ಕಟ್ಟಿಸಿದ ಶಾಲೆಗೆ ತಾವೇ ತಡವಾಗಿ ಬಂದು ಸೇರಿದ ಹಾಗೆ ಅನ್ನಿಸಿತು. ಆಮೇಲೆ ಎದ್ದರು. ಕೊಡೆಯನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ, ಬರಿಗೈಯಲ್ಲಿ ನಿಧಾನ ನಡೆದು ಮುಂದೆ ಬಂದರು. ಮಕ್ಕಳು ಒತ್ತಿಕೊಂಡು ಜಾಗ ಮಾಡಿದವು. ಕಂಪನಿ ಕಟ್ಟಿದ ಮೇಲೆ ಅವರು ಮೊದಲ ಸಾಲಿನಲ್ಲಿ ಕೂತದ್ದು ಅದೇ ಮೊದಲು.

"ಇನ್ನೊಂದ್ಸಲ ಆಡಮ್ಮ" ಅಂದರು. "ನಿನಗೆ ಹೇಗೆ ಬರುತ್ತೋ ಹಾಗೆ."

ನಾಯಕಿ ಹಿಂದೆ ನೇತಾಡುವ ಕೊಡೆಯನ್ನೊಮ್ಮೆ, ಮುಂದೆ ಕೂತ ದೊಡ್ಡಪ್ಪನನ್ನೊಮ್ಮೆ ನೋಡಿದಳು. ಗಂಡನ ಪಾತ್ರದವನು ಮತ್ತೆ ಬಾಗಿಲಿಗೆ ಬಂದು ನಿಂತ. ಎದುರಿನ ದೀಪ ಅಲುಗಬಾರದು ಎನ್ನುವಷ್ಟು ಮೆಲ್ಲಗೆ ಅವಳು ಆ ಮಾತು ಆಡಿದಳು. ಯಜಮಾನರಿಗೆ ಒಂದು ಸದ್ದೂ ಕೇಳಿಸಲಿಲ್ಲ. ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಕೆನ್ನೆ ಒದ್ದೆಯಾದದ್ದು ಅವರಿಗೇ ಗೊತ್ತಾಗಲಿಲ್ಲ. ಹಿಂದಿನ ಬಾಗಿಲ ಬಳಿ ಟಾರ್ಚು ಹಿಡಿದು ನಿಂತಿದ್ದ ಕಾವಲುಗಾರನೂ ತೋಳಿನಿಂದ ಮೂಗು ಒರೆಸಿಕೊಂಡ. ಈ ಸಲ ಮಕ್ಕಳ ಸಾಲು ಅಲುಗಲಿಲ್ಲ. ಪುಟ್ಟಿ ಮಾತ್ರ ಟೀಚರ ಕಡೆ ತಿರುಗಿ, ತನ್ನ ಹೊಟ್ಟೆ ಮುಟ್ಟಿ, ಕೈಯಾಡಿಸಿ ತೋರಿಸಿದಳು: ನೋವು ಹೋಯ್ತು.

ನಾಯಕಿಗೆ ಖುಷಿಯ ಜೊತೆಗೇ ಅಳುಕು. ರಂಗದ ಅಂಚಿಗೆ ಬಂದು ಬಗ್ಗಿ ಕೇಳಿದಳು: "ಕೊನೇ ಸಾಲಿಗೆ ಕೇಳಿಸ್ಬೇಕಲ್ಲ ದೊಡ್ಡಪ್ಪ? ಅಲ್ಲಿ ದೇವರು ಕೂತಿರ್ತಾನೆ ಅಂತಿದ್ರಿ?"

ದೊಡ್ಡಪ್ಪ ಅವಳ ತುಟಿಯನ್ನೇ ನೋಡುತ್ತ ನಕ್ಕರು.

"ಕೂತಿದಾನೆ ಕಣಮ್ಮ. ಕಿವಿ ಮಂದ ಆಗಿರೋದು ನಂದು, ಅವನದಲ್ಲ."