ಬಾಕಿ ಇದ್ದ ಒಂದು ಸಾಲು

ಧರ್ಮಯ್ಯನವರು ತುಂಗೆಯ ಸುಳಿಗೆ ಸಿಕ್ಕು ತೀರಿಕೊಂಡ ಹನ್ನೊಂದನೆಯ ದಿನ, ಸಾಗರದ ಕಚೇರಿಯ ಕಂಪ್ಯೂಟರಿನಲ್ಲಿ ಕಲಾವತಿಗೆ ಅವರ ಹೆಸರು ಕಂಡಿತು. ಡ್ಯಾಮಿನ ನೀರಿನ ಮಟ್ಟ ಬರೆದುಕೊಳ್ಳಲು ಅವರು ಶುರುಮಾಡಿ ಹೋಗಿದ್ದ ಪ್ರೋಗ್ರಾಂ ಇನ್ನೂ ಓಡುತ್ತಿತ್ತು. ಬರೆದಿಟ್ಟ ಆಜ್ಞೆಗಳನ್ನು ಸಾಲುಸಾಲಾಗಿ ನಡೆಸುವ ಅವರ ಶೆಲ್, ಅದನ್ನು ಓಡಿಸಿ, ಅದು ಮುಗಿಯುವುದನ್ನೇ ಕಾಯುತ್ತ ಸುಮ್ಮನೆ ಕೂತಿತ್ತು.

"ಕೆಲಸ ಇಲ್ದೆ ಯಾಕ್ರೀ ಕಾಯ್ತಿದೆ ಅದು? ಎರಡನ್ನೂ ತೆಗೀರಿ. ಮಿಶಿನ್ನು ಮೊದಲೇ ನಿಧಾನ," ಎಂದ ಹೊಸ ಎಂಜಿನಿಯರ್.

ಕಲಾವತಿಯ ಬೆರಳು ಕೀಲಿಯ ಮೇಲೆಯೇ ನಿಂತಿತು. ಬೇಡದ ಒಂದು ಪ್ರೊಸೆಸ್ಸೂ ಉಳಿಯಬಾರದೆಂದು ಅವಳಿಗೆ ಕಲಿಸಿದವರೇ ಧರ್ಮಯ್ಯ. 'ಕೊನೇ ಸಾಲಿಗೆ ಎಕ್ಸೆಕ್ ಹಾಕಮ್ಮ. ಶೆಲ್ ತನ್ನ ಜಾಗಾನೇ ಪ್ರೋಗ್ರಾಮಿಗೆ ಬಿಟ್ಕೊಟ್ಟು ಹೋಗ್ತದೆ. ಇನ್ನೊಂದು ಸಾಲು ಬಾಕಿ ಇದ್ರೆ ಮಾತ್ರ ಅದು ಕಾಯ್ಬೇಕು.' ಈ ಶೆಲ್ ಕಾಯುತ್ತಿದೆ ಅಂದಮೇಲೆ, ಪ್ರೋಗ್ರಾಂ ಮುಗಿದ ಮೇಲೆ ನಡೆಯಲೆಂದು ಅವರು ಇನ್ನೊಂದು ಸಾಲು ಬರೆದಿಟ್ಟಿದ್ದರು.

"ಶೆಲ್ ಇರ್ಲಿ ಸಾರ್. ಪ್ರೋಗ್ರಾಂ ಒಂದನ್ನೇ ನಿಲ್ಲಿಸ್ತೀನಿ," ಎಂದು ನಿಲ್ಲಿಸಿದಳು.

ಬೆನ್ನ ಹಿಂದೆ, ಧರ್ಮಯ್ಯನವರ ಖಾಲಿ ಕುರ್ಚಿಯ ಎದುರಿದ್ದ ಟರ್ಮಿನಲ್ ಟಣ್ ಎಂದಿತು. ಪರದೆಯ ಹಸಿರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಸಾಲು. ದಿನಾ ಸಂಜೆ ಬಸ್ಸಿಗೆ ಹೊರಡುವಾಗ ಅವರು ಅವಳನ್ನು ಕೇಳುತ್ತಿದ್ದ ಅದೇ ಮಾತು: 'ಕೆಲ್ಸ ಮುಗೀತನಮ್ಮ? ಹೊರಡಾಣ?' ಅದರ ಮುಂದೆ ಕರ್ಸರ್ ಉತ್ತರಕ್ಕೆ ಕಾಯುತ್ತ ಮಿಣುಕುತ್ತಿತ್ತು.

ಎಂಜಿನಿಯರ್ ಬಾಗಿಲಿನ ಚೌಕಟ್ಟು ಹಿಡಿದುಕೊಂಡ. ಕಲಾವತಿ ಎದ್ದು ಹೋಗಿ, ಕುರ್ಚಿಯಲ್ಲಿ ಕೂರದೆ, ಅದರ ಪಕ್ಕದಲ್ಲಿ ನಿಂತೇ ಒಂದೊಂದಾಗಿ ಅಕ್ಷರ ಒತ್ತಿದಳು:

'ನಂದು ಇನ್ನೂ ಇದೆ. ನೀವು ಹೊರಡಿ.'