ಪಟ್ಟಿಯಲ್ಲಿಲ್ಲದ ಅರ್ಥ

"'ಧೈರ್ಯ' ಅಂತ ಹಾಕು, ಸಹಿ ಮಾಡು, ಎದ್ದು ಹೋಗು," ಎಂದು ಮೇಷ್ಟ್ರು ಕಾಗದವನ್ನು ಚಿಕ್ಕಮ್ಮನ ಮುಂದೆ ತಳ್ಳಿದರು. ಚಿಕ್ಕಮ್ಮ ಅದನ್ನು ವಾಪಸ್ಸು ಅವರ ಕಡೆಗೇ ತಳ್ಳಿದಳು. ಅರ್ಧ ಗಂಟೆಯಿಂದ ಇದೇ ನಡೆದಿತ್ತು.

ಚಿಕ್ಕಮ್ಮ ಎಂದರೆ ಅಲ್ಲಿ ಯಾರಿಗೂ ನಿಜವಾದ ಚಿಕ್ಕಮ್ಮನಲ್ಲ. ಪರದೇಶದಲ್ಲಿ ಕನ್ನಡದ ಮೇಷ್ಟ್ರು ನಡೆಸುತ್ತಿದ್ದ ಆ ಅನುವಾದದ ಕಚೇರಿಗೆ ಸ್ಪ್ಯಾನಿಷ್-ಇಂಗ್ಲಿಷ್ ತರಬೇತಿಗೆ ಬಂದವರೆಲ್ಲ ಇಪ್ಪತ್ತರ ಆಸುಪಾಸಿನವರು, ಇವಳೊಬ್ಬಳಿಗೆ ನಲವತ್ತೆರಡು. ಮೊದಲ ದಿನವೇ ಹೆಸರು ಅಂಟಿಕೊಂಡಿತು. ಇವತ್ತು ಆರು ತಿಂಗಳ ತರಬೇತಿಯ ಕಡೆಯ ದಿನ. ಈ ಒಂದು ಕಾಗದ ಮುಗಿಸಿ, ಕೆಳಗೆ 'ಅನುವಾದ ಮೂಲಕ್ಕೆ ಸರಿಯಾಗಿದೆ' ಎಂದು ಸಹಿ ಹಾಕಿದರೆ ಮೇಷ್ಟ್ರು ಪ್ರಮಾಣಪತ್ರ ಕೊಡುತ್ತಾರೆ. ಅದಿಲ್ಲದೆ ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕುವ ಹಾಗಿಲ್ಲ. ಅರ್ಜಿಗೆ ಇವತ್ತು ಸಂಜೆ ಐದು ಗಂಟೆಯೇ ಗಡುವು, ಗಡಿಯಾರದಲ್ಲಿ ಆಗಲೇ ನಾಲ್ಕು ಹತ್ತು.

ಕಾಗದ ಒಬ್ಬ ಹೆಂಗಸಿನ ಹೇಳಿಕೆ. ಯಾವುದೋ ಹೋಟೆಲಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು. ಅವಳು ಒಗೆದು ಮಡಿಚಿಟ್ಟ ಬೆಡ್‌ಶೀಟುಗಳನ್ನು ಸೂಪರ್‌ವೈಸರ್ ಬೇಕೆಂದೇ ಒದ್ದೆ ನೆಲಕ್ಕೆ ಕೆಡವಿ "ಮತ್ತೆ ಒಗಿ" ಎಂದಿದ್ದ. ಒಂದು ಸಲವಲ್ಲ, ಮೂರು ಸಲ. ಮೂರನೇ ಸಲ ಅವಳು ಆ ಒದ್ದೆ ಶೀಟನ್ನೇ ಎತ್ತಿ ಅವನ ಮುಖಕ್ಕೆ ಎಸೆದುಬಿಟ್ಟಳು. ಕೆಲಸದಿಂದ ತೆಗೆದರು. ಈಗ ವಿಚಾರಣೆ. ಮೊದಲೇ ಯೋಚನೆ ಮಾಡಿ, ಸಮಯ ಕಾದು ಎಸೆದಳು ಎಂಬುದು ಮಾಲೀಕರ ವಾದ. ಯಾಕೆ ಎಸೆದೆ ಎಂಬ ಪ್ರಶ್ನೆಗೆ ಅವಳು ಸ್ಪ್ಯಾನಿಷಿನಲ್ಲಿ ಬರೆದದ್ದು ಮೂರೇ ಪದ: ಮೆ ದಿಯೊ ಕೊರಾಹೆ. ಅಂದರೆ, ನನಗೆ 'ಕೊರಾಹೆ' ಬಂತು.

"ಪಟ್ಟಿ ನೋಡಮ್ಮ," ಎಂದು ಮೇಷ್ಟ್ರು ತಾವೇ ಇಪ್ಪತ್ತು ವರ್ಷ ಕೂತು ಕಟ್ಟಿದ ಪದಪಟ್ಟಿಯನ್ನು ಬೆರಳಿನಿಂದ ಕುಟ್ಟಿದರು. ಒಂದು ಪದಕ್ಕೆ ಒಂದೇ ಅರ್ಥ, ಅದು ಈ ಕಚೇರಿಯ ಕಾನೂನು. "ಕೊರಾಹೆ ಅಂದ್ರೆ ಕರೇಜ್. ಧೈರ್ಯ. ಸ್ಪೆಲ್ಲಿಂಗ್ ನೋಡಿದ್ರೇ ಗೊತ್ತಾಗಲ್ವಾ? ಎರಡೂ ಒಡಹುಟ್ಟಿದವು."

"ಒಡಹುಟ್ಟಿದೋರ ಬುದ್ಧಿ ಒಂದೇ ಥರ ಇರತ್ತಾ ಸಾರ್? ನಮ್ಮಣ್ಣನ್ನ ನೀವು ನೋಡಿಲ್ಲ."

ಮೂಲೆಯಲ್ಲಿದ್ದ ಟೈಪಿಸ್ಟು ಕೆಮ್ಮು ಬಂದವಳ ಹಾಗೆ ಬಾಯಿಗೆ ಸೆರಗು ಒತ್ತಿಕೊಂಡಳು.

"ನಾನು ಎಂಟು ವರ್ಷ ಲಾಂಡ್ರಿಯಲ್ಲಿ ಇಸ್ತ್ರಿ ಹಾಕಿದೀನಿ ಸಾರ್, ಅಂಥ ಹೆಂಗಸರ ಪಕ್ಕದಲ್ಲೇ ನಿಂತು," ಎಂದಳು ಚಿಕ್ಕಮ್ಮ. "ನನಗೆ ಸ್ಪ್ಯಾನಿಷ್ ಬಂದಿದ್ದೇ ಅಲ್ಲಿ. ಮೆಷಿನ್ ಕೆಟ್ಟಾಗ, ರಜ ಕೊಡದೇ ಇದ್ದಾಗ, ದಿನಕ್ಕೆ ಹತ್ತು ಸಲ ಈ ಮಾತು ಕೇಳಿದೀನಿ. ಒಬ್ಬಳಿಗೂ ಧೈರ್ಯ ಬಂದಿರಲಿಲ್ಲ. ಸಿಟ್ಟು ಬಂದಿತ್ತು. ಕೊರಾಹೆ ಅಂದ್ರೆ ಅವರ ಬಾಯಲ್ಲಿ ಸಿಟ್ಟು."

"ಇಸ್ತ್ರಿ ಮೇಜಿನ ಭಾಷೆ ಬೇರೆ, ವಿಚಾರಣೆಯ ಭಾಷೆ ಬೇರೆ."

"ಹೇಳಿಕೆ ಬರೆದವಳು ಯಾವ ಮೇಜಿನವಳು ಸಾರ್? 'ಧೈರ್ಯ ಬಂತು, ಎಸೆದೆ' ಅಂದ್ರೆ ಅಷ್ಟು ದಿನ ಕಾದು ಕೂತಿದ್ಲು ಅಂತಲೇ ಆಗತ್ತೆ. ನನ್ನ ಪೆನ್ನಿಂದಲೇ ಅವಳ ಅನ್ನ ಹೋಗತ್ತೆ."

"ಮೊದಲು ನಿನ್ನ ಅನ್ನ ನೋಡ್ಕೋ ತಾಯಿ! ಒಂದು ಪದಕ್ಕೋಸ್ಕರ ಆರು ತಿಂಗಳು ನೀರಲ್ಲಿ ಹೋಮ ಮಾಡ್ತೀಯಾ?"

ಚಿಕ್ಕಮ್ಮ ಮೇಜಿನ ಕಡೆ ನೋಡಿದಳು. ಪ್ರಮಾಣಪತ್ರ ಅಲ್ಲೇ, ಮೇಷ್ಟ್ರ ಎಡಗೈ ಕೆಳಗೇ ಇತ್ತು. ಒಂದು ಸೀಲು ಬಿದ್ದರೆ ಮುಗಿಯಿತು. ಇಸ್ತ್ರಿ ಕೆಲಸ ಬಿಟ್ಟ ದಿನ ಗಂಡ "ಈ ವಯಸ್ಸಲ್ಲಿ ನಿಂಗಿದೆಲ್ಲ ಬೇಕಿತ್ತಾ?" ಎಂದಿದ್ದ. ಇವತ್ತು ಬರಿಗೈಯಲ್ಲಿ ಮನೆಗೆ ಹೋದರೆ ಆ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ಹೆದರಿಕೆಯಾಯಿತು, ಸುಳ್ಳೇಕೆ? ಆದರೆ ತಪ್ಪೆಂದು ಗೊತ್ತಿದ್ದೂ 'ಸರಿಯಾಗಿದೆ' ಎಂದು ಸಹಿ ಹಾಕಿ ಶುರುಮಾಡುವ ಕಸುಬು ಅವಳಿಗೆ ಬೇಡವಾಗಿತ್ತು. ಪೆನ್ನಿನ ಮುಚ್ಚಳ ಹಾಕಿ, ಕೈಕಟ್ಟಿ ಕೂತಳು.

"ಸಿಟ್ಟು ಅಂತ ಬರೆಯೋಕೆ ಬಿಟ್ರೆ ಸಹಿ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ."

"ನನ್ನ ಕಚೇರಿ, ನನ್ನ ಪಟ್ಟಿ! ನಂಗೇ ಪಾಠ ಹೇಳ್ತೀಯಾ?"

"ನೀವೇ ಅಲ್ವಾ ಸಾರ್ ಮೊದಲನೇ ಪಾಠದಲ್ಲಿ ಹೇಳಿದ್ದು, ಬರೆದವರ ಬಾಯಿಗೆ ನಮ್ಮ ಮಾತು ತುರುಕಬಾರದು ಅಂತ?"

ಮೇಷ್ಟ್ರ ಮುಖ ಕೆಂಪಗಾಯಿತು. ಕಿವಿ, ಕತ್ತು ಎಲ್ಲ ಕೆಂಪಗಾಯಿತು. ಮೂವತ್ತು ವರ್ಷ ಅದೇ ಕುರ್ಚಿಯಲ್ಲಿ ಕೂತು, ಶಿಷ್ಯರ ಮೇಲೆ ಒಮ್ಮೆಯೂ ಕೈ ಎತ್ತಿದವರಲ್ಲ ಎಂದು ಹೆಸರು ಮಾಡಿದ ಮನುಷ್ಯ, ಹೇಳಿಕೆಯ ಕಾಗದವನ್ನು ಬಾಚಿ ಮುದ್ದೆ ಮಾಡಿ ರಪ್ಪೆಂದು ಅವಳ ಮುಖಕ್ಕೆ ಎಸೆದೇಬಿಟ್ಟರು!

ಅದು ಅವಳ ಕೆನ್ನೆಗೆ ತಾಗಿ ಮಡಿಲಿಗೆ ಬಿತ್ತು. ಟೈಪಿಸ್ಟು ಟೈಪ್ ಮಾಡುವುದನ್ನು ನಿಲ್ಲಿಸಿದಳು. ತಾವು ಮಾಡಿದ್ದನ್ನು ತಾವೇ ನಂಬಲಾರದೆ ಮೇಷ್ಟ್ರು ಗಾಳಿಯಲ್ಲೇ ನಿಂತ ತಮ್ಮ ಕೈಯನ್ನು ನೋಡುತ್ತ ಕೂತರು.

ಚಿಕ್ಕಮ್ಮ ಕಾಗದವನ್ನು ಬಿಡಿಸಿ, ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಒತ್ತಿ ಸುಕ್ಕು ತೆಗೆದಳು. ಆಮೇಲೆ ಪೆನ್ನಿನ ಮುಚ್ಚಳ ತೆಗೆದು ಕೇಳಿದಳು:

"ಈಗ ನೀವು ಮಾಡಿದ್ದನ್ನ ಇಂಗ್ಲಿಷಲ್ಲಿ ಏನಂತ ಬರೀಲಿ ಸಾರ್? ಮೇಷ್ಟ್ರಿಗೆ ಧೈರ್ಯ ಬಂತು ಅಂತಲಾ?"